ನಿಶ್ಶೇಷ ಮೇಷ್ಟರು

ಮುಗಿಯಿತೆಂದು ಲೋಕವೆಲ್ಲ ಕೈಬಿಟ್ಟ ಟ್ಯೂಬಿನಿಂದ ಮತ್ತೂ ಹತ್ತು ಹನ್ನೆರಡು ದಿವಸಗಳ ದಂತಧಾವನವನ್ನು ನಿರಾತಂಕವಾಗಿ ನಡೆಸಿಕೊಂಡು ಹೋಗಬಲ್ಲ ಮಹನೀಯರು ಪ್ರತಿಯೊಂದು ಊರಿನಲ್ಲಿಯೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಆದರೆ ಚನ್ನಗಿರಿಯಲ್ಲಿ ನೆಲಸಿರುವ, ಶಿಷ್ಯವರ್ಗದಿಂದ ನಿಶ್ಶೇಷ ಮೇಷ್ಟರೆಂಬ ಬಿರುದನ್ನು ಸಂಪಾದಿಸಿರುವ ನಿವೃತ್ತ ಗಣಿತೋಪಾಧ್ಯಾಯರಲ್ಲಿ ಈ ವಿದ್ಯೆಯು ಪರಾಕಾಷ್ಠೆಯನ್ನು ಮುಟ್ಟಿದೆಯೆಂದು ನಾನು ಧೈರ್ಯವಾಗಿ ಹೇಳಬಲ್ಲೆ. ಭಾಗಾಕಾರದಲ್ಲಿ ಶೇಷ ಉಳಿಯುವ ಲೆಕ್ಕವನ್ನು ಅವರು ತಮ್ಮ ಸೇವಾವಧಿಯಲ್ಲೆಲ್ಲ ಮನಸ್ಸಿಲ್ಲದ ಮನಸ್ಸಿನಿಂದ ಕಲಿಸಿದರಂತೆ.

ಇಂತಹ ಪುರುಷರು ಆಕಸ್ಮಿಕವಾಗಿ ಉದ್ಭವಿಸುವುದಿಲ್ಲ. ಮೇಷ್ಟರು ಹುಟ್ಟಿದ್ದು ಜಗಳೂರು ಸೀಮೆಯಲ್ಲಿ. ಮುಖ ತೊಳೆದ ನೀರು ಕರಿಬೇವಿನ ಗಿಡಕ್ಕೂ ಅಕ್ಕಿ ತೊಳೆದ ಕಲಗಚ್ಚು ಎಮ್ಮೆಗೂ ತಪ್ಪದೆ ಸಲ್ಲುತ್ತಿದ್ದ ಆ ಬರಗಾಲದ ಮನೆಯಲ್ಲಿ, ಚೆಲ್ಲುವುದೆಂಬ ಕ್ರಿಯಾಪದಕ್ಕೆ ಪ್ರಯೋಗವೇ ಇರಲಿಲ್ಲ. ಅನಂತರ ಹೊನ್ನಾಳಿಗೆ ವರ್ಗವಾಗಿ ಬಂದು, ಸೇತುವೆಯ ಮೇಲೆ ನಿಂತು, ಮಳೆಗಾಲದ ತುಂಗಭದ್ರೆಯು ಯಾರ ಲೆಕ್ಕಕ್ಕೂ ಸಿಗದೆ ಹರಿದುಹೋಗುತ್ತಿರುವುದನ್ನು ಪ್ರಥಮ ಬಾರಿಗೆ ಕಂಡಾಗ ಅವರಿಗೆ ಉಂಟಾದದ್ದು ಆನಂದವಲ್ಲ, ಸಂಕಟ. ಎರಡು ಗುಡ್ಡಗಳ ನಡುವಣ ಕಿರಿದಾದ ಸಂದಿಗೆ ಏರಿಯೊಂದನ್ನು ಕಟ್ಟಿ, ಅಷ್ಟು ಸ್ವಲ್ಪ ಮಣ್ಣುಕಲ್ಲಿನಿಂದ ಅಷ್ಟು ವಿಸ್ತಾರವಾದ ಜಲರಾಶಿಯನ್ನು ತಡೆದು ನಿಲ್ಲಿಸಿರುವ ಸೂಳೆಕೆರೆಯನ್ನು ನೋಡಿದ ಮೇಲೆಯೇ ಅವರ ಮನಸ್ಸು ಶಾಂತವಾಯಿತು; ಆ ಕೆರೆಯಿರುವ ತಾಲ್ಲೂಕಿನಲ್ಲಿಯೇ ಮನೆ ಕಟ್ಟಿದರು. 1997ರಲ್ಲಿ ಹೊನ್ನಾಳಿ ಚನ್ನಗಿರಿಗಳು ಶಿವಮೊಗ್ಗವನ್ನೂ ಜಗಳೂರು ಚಿತ್ರದುರ್ಗವನ್ನೂ ಬಿಟ್ಟು ಹೊಸದಾದ ದಾವಣಗೆರೆ ಜಿಲ್ಲೆಗೆ ಸೇರಿದಾಗ, ‘ಶಿವಮೊಗ್ಗ ಜಿಲ್ಲೆ’ ಎಂದು ಅಚ್ಚಾಗಿದ್ದ ತಮ್ಮ ಕಾಗದಗಳನ್ನು ಎಸೆಯಲೊಲ್ಲದೆ, ಒಂದೊಂದರಲ್ಲಿಯೂ ಹಳೆಯ ಹೆಸರನ್ನು ಹೊಡೆದು ಹೊಸದನ್ನು ಬರೆದು ಇಂದಿಗೂ ಉಪಯೋಗಿಸುತ್ತಿದ್ದಾರೆ. ಮಗಳನ್ನು ಕೊಟ್ಟಿರುವ ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ತಾನೇ ತಾಲ್ಲೂಕಾದುದರಿಂದ, ಬೀಗರ ವಿಳಾಸವಿದ್ದ ಲಕೋಟೆಗಳಿಗೂ ಅದೇ ಸಂಸ್ಕಾರವಾಗಿದೆ.

ಟ್ಯೂಬಿನ ವಿಚಾರಕ್ಕೆ ಬರೋಣ. ಮೇಷ್ಟರ ದೃಷ್ಟಿಯಲ್ಲಿ ಮನುಕುಲದ ಸುವರ್ಣಯುಗವೆಂದರೆ ಅಲ್ಯೂಮಿನಿಯಮ್ ಟ್ಯೂಬಿನ ಯುಗ. ಬಾಲದಿಂದ ಸುರುಳಿ ಸುತ್ತುತ್ತ ಬಂದರೆ ಆ ಲೋಹವು ಸುತ್ತಿದ ಮಡಿಕೆಯನ್ನು ಸತ್ಯವಂತನಂತೆ ಉಳಿಸಿಕೊಳ್ಳುತ್ತಿತ್ತು. ಹಿಂಡಿದ ಜಾಗಕ್ಕೆ ಪೇಸ್ಟು ಮರಳುತ್ತಿರಲಿಲ್ಲ. 1980ರ ದಶಕದಲ್ಲಿ ನಮ್ಮ ದೇಶದೊಳಕ್ಕೆ ಕಾಲಿಟ್ಟ ಲ್ಯಾಮಿನೇಟೆಡ್ ಟ್ಯೂಬಾದರೋ, ಪ್ಲಾಸ್ಟಿಕ್ ಪದರಗಳ ಸ್ಥಿತಿಸ್ಥಾಪಕತೆಯಿಂದಾಗಿ, ಒತ್ತಿದ ಕೈ ತೆಗೆದೊಡನೆ ಉಬ್ಬಿಕೊಂಡು, ಗಾಳಿಯನ್ನೆಳೆದುಕೊಂಡು, ತುದಿಗೆ ಬಂದಿದ್ದ ಪೇಸ್ಟನ್ನೂ ಒಳಕ್ಕೆ ಸೆಳೆದುಕೊಳ್ಳುವ ದ್ರೋಹಿ. ಸಾಲದುದಕ್ಕೆ ಪೇಸ್ಟಿನ ಸ್ವಭಾವವೂ ವಿಲಕ್ಷಣವಾದದ್ದು. ಒಂದು ಮಿತಿಯವರೆಗಿನ ಒತ್ತಡಕ್ಕೆ ಅದು ಘನವಸ್ತುವಾಗಿ ಕದಲದೆ ಕುಳಿತಿರುತ್ತದೆ, ಮಿತಿ ಮೀರಿದೊಡನೆ ದ್ರವವಾಗಿ ಹರಿಯುತ್ತದೆ, ಒತ್ತಡ ನಿಂತರೆ ಮತ್ತೆ ಇದ್ದಲ್ಲಿಯೇ ನಿಲ್ಲುತ್ತದೆ. ಬ್ರಷ್ಷಿನ ಮೇಲೆ ಅದು ಜಾರದೆ ನಿಲ್ಲುವುದು ಯಾವ ಗುಣದಿಂದಲೋ ಟ್ಯೂಬಿನ ಭುಜದೊಳಗೆ ಹಟಹಿಡಿದು ಉಳಿಯುವುದೂ ಅದೇ ಗುಣದಿಂದ. ಮೇಷ್ಟರಿಗೆ ಮಾತ್ರ ಇದು ಹಿಂದಿನ ಬೆಂಚಿನ ಹುಡುಗನ ಸ್ವಭಾವವಾಗಿಯೇ ಕಂಡಿದ್ದು, ಅವರ ಚಿಕಿತ್ಸೆಯೂ ತದನುಸಾರವಾಗಿರುತ್ತದೆ.

ಪ್ರಥಮಾಧ್ಯಾಯದಲ್ಲಿ ಹೆಬ್ಬೆರಳು, ದ್ವಿತೀಯದಲ್ಲಿ ಬಕೆಟ್ಟಿನ ಅಂಚು, ತೃತೀಯದಲ್ಲಿ ಬಚ್ಚಲುಮನೆಯ ಬಾಗಿಲ ಸಂದಿ. ಲಟ್ಟಣಿಗೆಯೂ ಕೆಲವು ಕಾಲ ಪ್ರಯೋಗದಲ್ಲಿದ್ದಿತಾದರೂ, ಒಂದು ಬೆಳಗ್ಗೆ ಚಪಾತಿಯು ಲವಂಗದ ಪರಿಮಳವನ್ನು ಬೀರಿದ ಕಾರಣ ಅವರ ಪತ್ನಿಯು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಕಡೆಯದು ಅಡಕತ್ತರಿ. ಅಡಕೆಯ ಸೀಮೆಯಾದ ಚನ್ನಗಿರಿಯಲ್ಲಿ ಅಡಕತ್ತರಿಯಿಲ್ಲದ ಮನೆಯುಂಟೆ? ಟ್ಯೂಬನ್ನು ಭುಜಕ್ಕೆ ಎರಡಂಗುಲ ಕೆಳಗೆ ಅಡ್ಡಲಾಗಿ ಕತ್ತರಿಸಿ, ಬ್ರಷ್ಷನ್ನು ಒಳಗೆ ಸುತ್ತಿಸಿ, ತರುವಾಯ ಬಾಲದ ತುಂಡನ್ನೇ ತಲೆಯ ತುಂಡಿಗೆ ಟೊಪ್ಪಿಗೆಯಾಗಿ ತೊಡಿಸಿ, ನಾಳೆಗೆ ಒಣಗದಂತೆ ರಕ್ಷಿಸುವ ಅವರ ಶಸ್ತ್ರಚಿಕಿತ್ಸೆಯನ್ನು ಕಣ್ಣಾರೆ ಕಂಡವರು ಮರೆಯಲಾರರು. ಹಾಲಿನ ಪ್ಯಾಕೆಟ್ಟನ್ನು ತೊಳೆದ ನೀರು ಕಾಫಿಗೆ, ಸಾಸಿನ ಶೀಶೆಯನ್ನು ಕುಲುಕಿದ ನೀರು ಸಾರಿಗೆ, ಮಾಗಿಯಲ್ಲಿ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆಯ ಬಾಟಲಿ ಅಂಗಳದ ಬಿಸಿಲಿಗೆ — ಇವೆಲ್ಲ ಬಹುಮಂದಿ ಗೃಹಸ್ಥರು ಮಾಡುವುದೇ ಆದ್ದರಿಂದ ಬೆಳೆಸಲಾರೆ.

ಇಷ್ಟನ್ನು ಓದಿ ಮೇಷ್ಟರು ಜಿಪುಣರೆಂದು ತೀರ್ಮಾನಿಸಿದರೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಊಟದ ಹೊತ್ತಿಗೆ ಅವರ ಮನೆಯ ಮುಂದೆ ಹಾದುಹೋದವನು ಉಣ್ಣದೆ ಮುಂದೆ ಹೋಗಲಾರ. ಎಲೆಯ ಮೇಲೆ ಬಾಗಿ ಎರಡೂ ಕೈಗಳನ್ನು ಅಡ್ಡ ಹಿಡಿದರೂ ತುಪ್ಪದ ಮಿಳ್ಳೆ ಯಾವುದೋ ಸಂದಿನಿಂದ ನುಸುಳಿ ಬರುತ್ತದೆ. ಫಸಲಿನ ದುಡ್ಡನ್ನು ಪತ್ರವಿಲ್ಲದೆ ಕೈಗಡ ಕೊಟ್ಟು, ಮರಳಿ ಕೇಳುವುದಕ್ಕೆ ನಾಚಿ, ಪಡೆದವನೇ ಎದುರಿಗೆ ಬಂದರೆ ತಾವೇ ಬೇರೆ ಬೀದಿಗೆ ತಿರುಗಿಕೊಳ್ಳುತ್ತಾರೆ. ಈ ವೈರುದ್ಧ್ಯವನ್ನು ನಾನೊಮ್ಮೆ ಸಂಕೋಚದಿಂದ ಪ್ರಸ್ತಾಪಿಸಿದಾಗ ಅವರು, “ಕೊಟ್ಟದ್ದಕ್ಕೆ ಲೆಕ್ಕ ಐತಿ ಸ್ವಾಮಿ. ಬಿಟ್ಟದ್ದಕ್ಕೆ ಎಲ್ಲೈತಿ?” ಎಂದರು. ಟ್ಯೂಬಿನೊಡನೆ ಅವರು ನಡೆಸುತ್ತಿರುವುದು ಉಳಿತಾಯವಲ್ಲ, ಯುದ್ಧ. ಎದುರಾಳಿಯು ಮುಂಬಯಿಯಲ್ಲೋ ಅಮೆರಿಕದಲ್ಲೋ ಕುಳಿತು, ಈ ಮುದುಕನ ಕೈಗೆ ಎಟುಕದಿರಲೆಂದೇ ಭುಜವನ್ನು ರೂಪಿಸಿದ ಅಜ್ಞಾತ ಎಂಜಿನಿಯರು.

ಅಂತಹ ಎಂಜಿನಿಯರೊಬ್ಬನು ತಮ್ಮ ವಂಶದಲ್ಲಿಯೇ ಹುಟ್ಟಬೇಕೆ? ನ್ಯಾಮತಿಯ ಮೊಮ್ಮಗನು ಬೆಂಗಳೂರಿನಲ್ಲಿ ಪ್ಯಾಕೇಜಿಂಗ್ ವಿದ್ಯೆಯನ್ನು ಕಲಿತು, ಅದರಲ್ಲಿಯೇ ಉದ್ಯೋಗ ಹಿಡಿದು, ಯುಗಾದಿಗೆ ಬಂದವನು ಅಜ್ಜನೆದುರು ಆ ಶಾಸ್ತ್ರದ ಪುರಾಣವನ್ನೆಲ್ಲ ಬಿಚ್ಚಿದನು. ಹಿಂಡುವ ಟ್ಯೂಬಿನ ಆದಿಪುರುಷನು ಜಾನ್ ಗಾಫ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ. ಅದುವರೆಗೆ ಹಂದಿಯ ಮೂತ್ರಕೋಶದಲ್ಲಿ ಕಟ್ಟಿಡುತ್ತಿದ್ದ ಬಣ್ಣವನ್ನು ಅವನು 1841ರಲ್ಲಿ ತವರದ ಟ್ಯೂಬಿಗೆ ತುಂಬಿದ. “ಬಡ ಕಲಾವಿದ, ಬಣ್ಣದ ಬೆಲೆ ಬಲ್ಲವ,” ಎಂದು ಮೇಷ್ಟರು ಮೆಚ್ಚಿದರು. 2009ರಲ್ಲಿ ಅಲ್ಲಿಯ ಗ್ರಾಹಕ ಪತ್ರಿಕೆಯೊಂದು ಪರೀಕ್ಷಿಸಿ ನೋಡಲಾಗಿ, ಕೆಲವು ಚರ್ಮಲೇಪಗಳಲ್ಲಿ ಸುಮಾರು ಕಾಲು ಭಾಗವು ಬಾಟಲಿಯಲ್ಲಿಯೇ ಉಳಿಯಿತಂತೆ. “ಕಾಲು ಭಾಗ!” ಎಂದು ಮೇಷ್ಟರು ಎದೆಯ ಮೇಲೆ ಕೈಯಿಟ್ಟುಕೊಂಡರು. ಮಿಶಿಗನ್ನಿನ ಪಾಲ್ ಬ್ರೌನ್ ಎಂಬಾತನು 1991ರ ಸುಮಾರಿಗೆ, ಹಿಂಡಿದರೆ ತೆರೆದು ಬಿಟ್ಟರೆ ಮುಚ್ಚಿಕೊಳ್ಳುವ ಸಿಲಿಕೋನ್ ಕವಾಟವನ್ನು ನಿರ್ಮಿಸಿದ್ದರಿಂದ, ಸಾಸಿನ ಬಾಟಲಿಯು ಸೋರದೆ ಶೀರ್ಷಾಸನದಲ್ಲಿ ನಿಲ್ಲುವಂತಾಯಿತೆಂದು ಹುಡುಗನು ಹೇಳಿದಾಗ, “ನಿಮ್ಮಜ್ಜಿಯ ಜೇನಿನ ಶೀಶೆ ಮೊದಲಿನಿಂದ ತಲೆಕೆಳಗೇ ಐತಲ್ಲೋ ತಮ್ಮಾ,” ಎಂದು ನಕ್ಕರು. ಕಡೆಯದಾಗಿ ಅವನು, ಮದರಾಸಿನ ಐಐಟಿಯಲ್ಲಿ ಓದಿ ಅಮೆರಿಕದ ಎಂಐಟಿಯಲ್ಲಿ ಪ್ರಾಧ್ಯಾಪಕರಾಗಿರುವ ಕೃಪಾ ವಾರಣಾಸಿಯವರೂ ಅವರ ಶಿಷ್ಯರೂ 2012ರಲ್ಲಿ ಲೋಕಕ್ಕೆ ತೋರಿಸಿದ ಲೇಪವನ್ನು ವರ್ಣಿಸಿದನು: ಬಾಟಲಿಯ ಒಳಮೈಯ ಸೂಕ್ಷ್ಮವಾದ ಒರಟಿನಲ್ಲಿ ಜಾರುವ ದ್ರವವೊಂದನ್ನು ಶಾಶ್ವತವಾಗಿ ಹಿಡಿದಿಟ್ಟರೆ, ಸಾಸಾಗಲಿ ಪೇಸ್ಟಾಗಲಿ ಗೋಡೆಗೆ ಅಂಟದೆ, ಒತ್ತುವ ಶ್ರಮವೂ ಇಲ್ಲದೆ, ಕಡೆಯ ತೊಟ್ಟಿನವರೆಗೂ ಜಾರಿ ಬರುತ್ತದೆ.

ಮೇಷ್ಟರು ಬಹಳ ಹೊತ್ತು ಮಾತಾಡಲಿಲ್ಲ. “ಅದು ತಾನೇ ಬಂದರೆ ನಾನೇನು ಮಾಡಬೇಕೋ?” ಎಂದರು.

ಆದರೆ ನಿರುದ್ಯೋಗವನ್ನು ಸಹಿಸುವ ಜಾತಿ ಅದಲ್ಲ. ಪೊಟ್ಟಣದ ಸಾಮಗ್ರಿಗಳ ಬಗ್ಗೆ 2011ರಲ್ಲಿ ಬಂದ ಕಾನೂನು ಮಾಪನಶಾಸ್ತ್ರದ ನಿಯಮಗಳು ಒಳಗೆ ತುಂಬಿದ ನಿವ್ವಳ ತೂಕವನ್ನು ಅಚ್ಚು ಹಾಕಿಸುತ್ತವೆಯೇ ಹೊರತು, ಹೊರಗೆ ಬರುವ ತೂಕವನ್ನು ಕೇಳುವುದಿಲ್ಲವೆಂಬ ನ್ಯೂನತೆಯನ್ನು ಅವರು ಮೊಮ್ಮಗನಿಂದ ತಿಳಿದುಕೊಂಡು, ಪೇಸ್ಟಿನ ಕಂಪನಿಯೊಂದಕ್ಕೆ ಸವಿಸ್ತಾರವಾದ ಪತ್ರವನ್ನು ಬರೆದರು. ಇನ್ನು ಮುಂದೆ ‘ತುಂಬಿದ್ದು’, ‘ಬರುವುದು’, ‘ಉಳಿಯುವುದು’ ಎಂದು ಮೂರು ಕಲಮುಗಳಲ್ಲಿ ನಮೂದಿಸಬೇಕೆಂದೂ, ಮೂರನೆಯದರ ಬೆಲೆಯನ್ನು ಬಿಟ್ಟುಕೊಡಬೇಕೆಂದೂ ಅದರ ಸಾರಾಂಶ. ಬರೆದದ್ದು ‘ಶಿವಮೊಗ್ಗ ಜಿಲ್ಲೆ’ಯನ್ನು ಹೊಡೆದುಹಾಕಿದ ಕಾಗದದ ಮೇಲೆಯೇ ಎಂದು ಹೇಳತಕ್ಕದ್ದಿಲ್ಲ.

ಕಂಪನಿಯು ಕಲಮುಗಳ ವಿಷಯದಲ್ಲಿ ಮೌನವನ್ನು ವಹಿಸಿ, ಕೃತಜ್ಞತಾಪತ್ರದೊಡನೆ ಎರಡು ದೊಡ್ಡ ಟ್ಯೂಬುಗಳನ್ನು ಕಾಣಿಕೆಯಾಗಿ ಕಳುಹಿಸಿತು. ಪತ್ರದ ಹಿಂಬದಿ ಖಾಲಿಯಿದ್ದುದರಿಂದ ಮೇಷ್ಟರು ಅದನ್ನು ಜೋಪಾನವಾಗಿ ಕಡತಕ್ಕೆ ಸೇರಿಸಿದರು. ಬಚ್ಚಲಿನಲ್ಲಿ ಕತ್ತರಿಸಿಟ್ಟ ಟ್ಯೂಬು ಇನ್ನೂ ಒಂದು ವಾರಕ್ಕೆ ಸಾಕೆಂದು ಅಂದಾಜು ಮಾಡಿ, ಎರಡೂ ಟ್ಯೂಬುಗಳನ್ನು ನ್ಯಾಮತಿಯ ಮಗಳಿಗೆ ಕೊಡುವಂತೆ ಪತ್ನಿಯ ವಶಕ್ಕೆ ಒಪ್ಪಿಸಿದರು. ನ್ಯಾಮತಿಗೆ ತಲುಪಿದ್ದು ಒಂದೇ. ಇನ್ನೊಂದು ಲಟ್ಟಣಿಗೆಯಿರುವ ಬೀರುವಿನಲ್ಲಿದೆಯೆಂದೂ, ಆ ಪುಣ್ಯವತಿಯು ಪ್ರತಿದಿನ ಬೆಳಗ್ಗೆ ಅದನ್ನು ನಟ್ಟನಡುವೆಯೇ ಹಿಡಿದು ಒತ್ತುತ್ತಾರೆಂದೂ ಮೊಮ್ಮಗನು ನನಗೆ ಗುಟ್ಟಾಗಿ ತಿಳಿಸಿದ್ದಾನೆ.