ಕಂದು ಸಿದ್ಧಾಂತ: ವಿಜಯನಗರದ ಏಳುಬೀಳಿಗೊಂದು ಬಾಳೆಶಾಸ್ತ್ರೀಯ ವಿವರಣೆ

ವಿಜಯನಗರ ಏಕೆ ಬಿತ್ತು ಎಂದು 1900ರಲ್ಲಿ ಗ್ರಂಥ ಬರೆದ ರಾಬರ್ಟ್ ಸೂಯೆಲ್‌ನಿಂದ ಈಚೆಗೆ ಪಂಡಿತರು ಶಾಸನ ಓದಿದರು, ನಾಣ್ಯ ತಿಕ್ಕಿದರು, ಪೋರ್ಚುಗೀಸರ ಬರಹ ತಿರುವಿದರು. ಕಮಲಾಪುರದ ವಸ್ತುಸಂಗ್ರಹಾಲಯದಿಂದ ಹೊರಬಿದ್ದು ಊರಾಚೆಯ ಬಾಳೆತೋಟಕ್ಕೆ ಕಾಲಿಟ್ಟವರು ಮಾತ್ರ ವಿರಳ, ಕೆಸರು ಕಾರಣವಿರಬೇಕು. ಈ ಪ್ರಬಂಧದ ಪ್ರತಿಪಾದನೆ ಇಷ್ಟೇ: ಸಾಮ್ರಾಜ್ಯ ಪತನವಾಗಲಿಲ್ಲ, ಗೊನೆ ಬಿಟ್ಟಾದ ಮೇಲೆ ಬಾಳೆ ಏನು ಮಾಡುತ್ತದೋ ಅದನ್ನೇ ಮಾಡಿತು. ಅರಸರ ಕಾಲದ ತುರ್ತಾ ಕಾಲುವೆಯ ನೀರು ಇಂದಿಗೂ ಬಾಳೆಗೇ ಹರಿಯುತ್ತಿದೆ. ಸಾಕ್ಷಿ ಜೀವಂತವಿದೆ, ಸಿಪ್ಪೆ ಸುಲಿದು ತಿನ್ನಲೂ ಬರುತ್ತದೆ.

ಮೊದಲು ಸಸ್ಯಲಕ್ಷಣ. ಬಾಳೆ ಮರವಲ್ಲ, ದೈತ್ಯ ಮೂಲಿಕೆ. ನಾವು ಕಾಂಡವೆಂದು ನಂಬಿರುವುದು ಒಂದರ ಮೇಲೊಂದು ಸುತ್ತಿಕೊಂಡ ಎಲೆಯ ಪಟ್ಟೆಗಳು. ನಿಜವಾದ ಕಾಂಡ ನೆಲದೊಳಗಿನ ಗೆಡ್ಡೆ. ಹೊತ್ತು ಬಂದಾಗ ಗೆಡ್ಡೆಯಿಂದ ಹೂದಿಂಡು ಪಟ್ಟೆಗಳ ನಡುವೆ ಮೇಲೇರಿ ನೆತ್ತಿಯಲ್ಲಿ ತಲೆ ಹಾಕಿ, ಹೊರಬಂದು ಕೆಳಕ್ಕೆ ಬಾಗುತ್ತದೆ. ಕೆನ್ನೀಲಿ ಪದರ ಒಂದೊಂದಾಗಿ ಮೇಲೆದ್ದಂತೆ ಅದರಡಿಯ ಹೆಣ್ಣುಹೂಗಳು ಒಂದೊಂದು ಚಿಪ್ಪಾಗುತ್ತವೆ. ಬುಡದ ಕಡೆಯ ಚಿಪ್ಪು ದಪ್ಪ, ಇಳಿದಂತೆ ಕಾಯಿ ಸಣ್ಣ, ತುದಿಯಲ್ಲಿ ಬರೀ ಗಂಡುಹೂ. ಪರಾಗಸ್ಪರ್ಶ ಬೇಡ, ಬೀಜವೂ ಇಲ್ಲ. ಸುಗಂಧಿಯಾಗಲಿ ಏಲಕ್ಕಿಯಾಗಲಿ, ಒಂದು ಗಿಡಕ್ಕೆ ಒಂದೇ ಗೊನೆ. ಆಮೇಲೆ ಗಿಡ ಸಾಯುತ್ತದೆ, ಪಕ್ಕದಲ್ಲಿ ಕಂದು ಏಳುತ್ತದೆ.

ಇನ್ನು ಅರಸರನ್ನು ನೋಡಿ. 1336ರಲ್ಲಿ ನಟ್ಟ ಸಂಗಮ ವಂಶ ಇಮ್ಮಡಿ ದೇವರಾಯನಂಥ ದಪ್ಪ ಕಾಯಿ ಕೊಟ್ಟು, ಕೊನೆಗೆ ತುದಿಯ ಗಂಡುಹೂಗಳಿಗೆ ಬಂದು ನಿಂತಿತು. 1485ರಲ್ಲಿ ಎದ್ದ ಸಾಳುವ ನರಸಿಂಹ ಆ ಗೊನೆಯ ಕಾಯಲ್ಲ, ಪಕ್ಕದಲ್ಲಿ ನಿಂತಿದ್ದ ದಂಡನಾಯಕ. ಸಾಳುವರ ಪಕ್ಕದಲ್ಲಿ ತುಳುವ ನರಸನಾಯಕನಿದ್ದ. 1505ರಲ್ಲಿ ಅವನ ಮಗ ಪಟ್ಟವೇರಿದ. ನಾಟಿಗೆ ಅಗಲ ಎಲೆಯ ನೀರುಗಂದು ಬೇಡ, ಕಿರಿದಾದ ಎಲೆಯ ಕತ್ತಿಗಂದೇ ಬೇಕೆಂದು ಬೇಸಾಯಗಾರರು ಹೇಳುವುದರಲ್ಲಿ ರಾಜ್ಯಶಾಸ್ತ್ರವೂ ಅಡಗಿದೆ. 1565ರ ಬಳಿಕ ಅರವೀಡು ತಿರುಮಲ ಪೆನುಕೊಂಡಕ್ಕೆ ಹೋದದ್ದನ್ನು ಪಲಾಯನ ಎನ್ನುವವರು ಕಂದು ಕಿತ್ತು ಬೇರೆಡೆ ನೆಡುವುದನ್ನು ಕಂಡವರಲ್ಲ.

ಪೂರ್ವಪಕ್ಷ ಒಂದು: ಹಾಗಾದರೆ ತಾಳಿಕೋಟೆಯ ಯುದ್ಧ? ಅದು ಗಾಳಿ. ಗೊನೆ ತೂಗುವ ಬಾಳೆಗೆ ಬಿದಿರಿನ ಊರೆ ಕೊಡದಿದ್ದರೆ ಸಾಧಾರಣ ಗಾಳಿಯೂ ಸಾಕು. ಊರೆಯಾಗಿ ನಿಂತಿದ್ದ ಅಳಿಯ ರಾಮರಾಯನಿಗೆ ಆಗ ಮುಪ್ಪು. ಹಳೆಯ ಬಿದಿರು ಎಷ್ಟು ತಡೆದೀತು?

ಪೂರ್ವಪಕ್ಷ ಎರಡು ತುಸು ಗಂಭೀರ: ಭೌಗೋಳಿಕ ಸೂಚಕ ಪಡೆದ ಹೆಸರಾಂತ ಕಮಲಾಪುರ ಕೆಂಪು ಬಾಳೆ ಈ ಊರಿನದಲ್ಲ, ಕಲಬುರಗಿ ಜಿಲ್ಲೆಯ ಕಮಲಾಪುರದ್ದು; ಲೇಖಕರು ತೋಟವನ್ನೇ ತಪ್ಪಿದ್ದಾರೆ. ಈ ಆಕ್ಷೇಪಕ್ಕೆ ಕೃತಜ್ಞತೆಗಳು. ಕಲಬುರಗಿ ಬಹಮನಿಗಳ ಮೊದಲ ರಾಜಧಾನಿ. ಅಲ್ಲಿಯೂ ಇದೇ ನಿಯಮ. ಬುಡದಲ್ಲಿ ಒಂದು ಕಂದು ಬಿಟ್ಟು ಉಳಿದವನ್ನು ಕಡಿಯಬೇಕು, ಆಗಷ್ಟೇ ಕೂಳೆ ಬೆಳೆ ಚೆನ್ನ. ಬಹಮನಿಗಳ ಬುಡದಲ್ಲಿ ಯಾರೂ ಕುಡುಗೋಲು ಆಡಿಸಲಿಲ್ಲ. ಬಿಜಾಪುರ, ಅಹ್ಮದ್‌ನಗರ, ಗೋಲ್ಕೊಂಡ, ಬೀದರ್, ಬೇರಾರ್ ಎಂದು ಐದು ಎದ್ದವು. ಆ ಒತ್ತಾದ ಹಿಂಡಿಲೇ ಗೆದ್ದಿತಲ್ಲ ಎಂದರೆ, ಗೆದ್ದ ಮೇಲಿನ ಫಸಲನ್ನೂ ಲೆಕ್ಕ ಹಾಕಿ: ಬೇರಾರನ್ನು ಅಹ್ಮದ್‌ನಗರ ನುಂಗಿತು, 1619ರಲ್ಲಿ ಬೀದರನ್ನು ಬಿಜಾಪುರ ನುಂಗಿತು, 1686ರಲ್ಲಿ ಬಿಜಾಪುರವನ್ನೂ ಮರುವರ್ಷ ಗೋಲ್ಕೊಂಡವನ್ನೂ ಔರಂಗಜೇಬ ಕಡಿದುಕೊಂಡು ಹೋದ. ಅವನು ಕಂದು ಬಿಟ್ಟನೇ ಎಂಬುದು ಮರಾಠಿ ವಿದ್ವಾಂಸರು ವಿಚಾರಿಸಬೇಕಾದ ವಿಷಯ.