ಕೈ ತೊಳೆಯುವ ಕಾಲೇಜು

47ನೇ ವಯಸ್ಸಿನಲ್ಲಿ ಮತ್ತೆ ಕಾಲೇಜು ಸೇರಿದೆ ಎಂದಾಗ ತಿಪಟೂರಿನಲ್ಲಿರುವ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಏನು ಹೇಳ್ಕೊಡ್ತಾರೆ ಅಲ್ಲಿ?" "ಇವತ್ತು ಕೈ ತೊಳೆಯೋದು ಹೇಳ್ಕೊಟ್ರಮ್ಮ" ಎಂದೆ. ವಿಡಿಯೋ ಕಾಲ್‌ನಲ್ಲಿ ಅಮ್ಮನ ಮುಖ ಅಲುಗಾಡದೆ ನಿಂತುಬಿಟ್ಟಿತು. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ. ಹೋಗಿರಲಿಲ್ಲ. "ಅದನ್ನ ನಿಂಗೆ ಮೂರು ವರ್ಷಕ್ಕೇ ಕಲಿಸಿದ್ನಲ್ಲೇ. ಫೀಸೂ ತಗೊಂಡಿರಲಿಲ್ಲ!"

ಅಮ್ಮನಿಗೆ ಹೇಗೆ ಹೇಳಲಿ? ಬೆರಳ ತುದಿ ಕೆಳಗಿರಬೇಕು, 20 ಸೆಕೆಂಡ್ ನೊರೆ ಉಜ್ಜಬೇಕು, ಉಗುರ ಸಂದಿ ಬಿಡಬಾರದು, ಕೈ ಸಿಂಕಿನ ಒಳಮೈಗೆ ತಾಕಿದರೆ ಮತ್ತೆ ಮೊದಲಿನಿಂದ. ನಲ್ಲಿಯನ್ನು ಬರಿಗೈಯಲ್ಲಿ ನಿಲ್ಲಿಸುವಂತಿಲ್ಲ, ಪೇಪರ್ ಟವೆಲ್ ಬೇಕು. ಮಡಿಯಲ್ಲಿದ್ದಾಗ ಮೊಣಕೈಯಿಂದಲೇ ನಲ್ಲಿ ತಿರುಗಿಸುತ್ತಿದ್ದ ನಮ್ಮಜ್ಜಿ ಈ ಪರೀಕ್ಷೆಗೆ ಕೂತಿದ್ದರೆ ನೂರಕ್ಕೆ ನೂರು. ನಾನು ಮೊದಲ ಸಲ ಫೇಲಾದೆ.

ನಾವಿರುವುದು ಟೆಕ್ಸಸ್‌ನಲ್ಲಿ. ಮಕ್ಕಳು ಗೂಡು ಬಿಟ್ಟ ಮೇಲೆ ಮಧ್ಯಾಹ್ನಗಳು ಉದ್ದವಾದವು. ಹತ್ತು ನಿಮಿಷದ ದಾರಿಯಲ್ಲಿ ಕಮ್ಯುನಿಟಿ ಕಾಲೇಜು ಇತ್ತು. ಫೀಸು ಕಡಿಮೆ, ಬಾಗಿಲು ಎಲ್ಲರಿಗೂ ತೆರೆದಿದ್ದು, ವಯಸ್ಸು ಕೇಳುವವರಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದು ಕೂತಲ್ಲೇ ತೂಕಡಿಸುವ ಹುಡುಗಿಯರು, ಮೊಮ್ಮಕ್ಕಳ ಫೋಟೋ ತೋರಿಸುವ ಲಾರಿ ಡ್ರೈವರ್, ನಡುವೆ ನಾನು. ನರ್ಸಿಂಗ್‌ಗೆ ಅಂತ ಹೋದವಳ ಕೈಗೆ ಸಲಹೆಗಾರ್ತಿ ಅಮೆರಿಕದ ಇತಿಹಾಸವನ್ನೂ ಇಟ್ಟರು. ಮುಂದೆ ಇಲ್ಲಿನ ಸರ್ಕಾರಿ ಕಾಲೇಜಿನಿಂದ ಪದವಿ ಬೇಕೆಂದರೆ ಆರು ಕ್ರೆಡಿಟ್‌ನಷ್ಟು ಇತಿಹಾಸ ಓದಿರಲೇಬೇಕಂತೆ, ರಾಜ್ಯದ ಕಾನೂನೇ ಹಾಗೆ. ಬೆಳಿಗ್ಗೆ ಬೆಡ್‌ಪ್ಯಾನ್, ಮಧ್ಯಾಹ್ನ ಬೋಸ್ಟನ್. ತಲೆಯಲ್ಲಿ ಎರಡೂ ಕಲಸಿ ಚಿತ್ರಾನ್ನವಾಗದೆ ಇನ್ನೇನಾದೀತು?

ನರ್ಸಿಂಗ್ ಲ್ಯಾಬಿನಲ್ಲಿ ಮಂಚದ ಮೇಲೆ ಒಂದು ರಬ್ಬರ್ ಅಜ್ಜಿ. ಬಾಗಿಲು ತಟ್ಟಿ ಒಳಗೆ ಹೋಗಬೇಕು, ಹೆಸರು ಹೇಳಬೇಕು, ಅಜ್ಜಿಯ ಒಪ್ಪಿಗೆ ಕೇಳಿ ಪರದೆ ಎಳೆಯಬೇಕು. ಹೊರಡುವಾಗ ಕರೆಗಂಟೆ ಅವಳ ಕೈಗೆ ಎಟುಕುವಂತಿರಬೇಕು. ಗೊಂಬೆಯ ಜೊತೆ ಇಷ್ಟು ಮರ್ಯಾದೆಯಿಂದ ಮಾತಾಡುವುದನ್ನು ನಮ್ಮವರು ನೋಡಿದ್ದರೆ ಹೊಟ್ಟೆಕಿಚ್ಚು ಪಡುತ್ತಿದ್ದರು.

ಒಂದು ದಿನ ಬಟ್ಟೆ ತೊಡಿಸುವ ಪಾಠ. ಸ್ವಾಧೀನವಿಲ್ಲದ ಕೈಗೆ ಮೊದಲು ತೋಳು ಏರಿಸಬೇಕು. ಬಿಚ್ಚುವಾಗ ಆ ಕೈ ಕೊನೆಗೆ. ಅಷ್ಟೇ, ಒಂದು ಸಾಲು. ಮಾವನವರಿಗೆ ಲಕ್ವ ಹೊಡೆದಿದ್ದಾಗ ನಾನು ಚೆನ್ನಾಗಿದ್ದ ಕೈಯನ್ನು ಮೊದಲು ತೂರಿಸಿ, ಬಿದ್ದುಹೋದ ಕೈಯನ್ನು ಆಮೇಲೆ ಎಳೆದಾಡುತ್ತಿದ್ದೆ. ಅವರು ಹಲ್ಲು ಕಚ್ಚಿಕೊಂಡು "ಆಯ್ತು ಬಿಡಮ್ಮ" ಎನ್ನುತ್ತಿದ್ದರು. ಆವತ್ತು ರಬ್ಬರ್ ಅಜ್ಜಿಗೆ ಅಂಗಿ ತೊಡಿಸಲು ನನಗೆ ಉಳಿದವರಿಗಿಂತ ಹೆಚ್ಚು ಹೊತ್ತು ಹಿಡಿಯಿತು.

ಇತಿಹಾಸದ ಕ್ಲಾಸಿನಲ್ಲಿ ನನಗೆ ಮೊದಲು ಆಪ್ತಳಾದವಳು ಡೊರೊಥಿಯಾ ಡಿಕ್ಸ್. ಅಂತರ್ಯುದ್ಧದಲ್ಲಿ ಉತ್ತರದವರ ಸೈನ್ಯಕ್ಕೆ ನರ್ಸುಗಳನ್ನು ಆರಿಸುತ್ತಿದ್ದಾಕೆ. 1862ರಲ್ಲಿ ಆಕೆಯ ಷರತ್ತು: ವಯಸ್ಸು 35ರಿಂದ 50, ಉಡುಪು ಕಂದು, ಬೂದು ಇಲ್ಲವೇ ಕಪ್ಪು, ಒಡವೆ ವಸ್ತ್ರದ ಥಳುಕು ಬೇಡ, ರೂಪ ಸಾಧಾರಣ. ಮನೆಗೆ ಬಂದವಳೇ, "ರೀ, ಆಗಿದ್ದಿದ್ರೆ ನಂಗೆ ಸೀದಾ ಕೆಲಸ ಸಿಕ್ತಿತ್ತು" ಎಂದೆ. ಎಲ್ಲ ಷರತ್ತು ಕೇಳಿಸಿಕೊಂಡ ಮೇಲೂ ಅವರು "ಹೌದು ಹೌದು" ಎಂದಿದ್ದೇಕೆ ಎನ್ನುವುದು ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಆಮೇಲೆ ಸಿಕ್ಕವನು ಹಳೇ ಪರಿಚಯದವನು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1781ರ ಅಕ್ಟೋಬರಿನಲ್ಲಿ, ಯಾರ್ಕ್‌ಟೌನಿನಲ್ಲಿ ಸೋತು ಶರಣಾದ ಬ್ರಿಟಿಷ್ ಜನರಲ್ ಯಾರು? ನಮ್ಮ ಕಾರ್ನ್‌ವಾಲಿಸ್! ಶರಣಾಗತಿಯ ದಿನ ಮೈಗೆ ಹುಷಾರಿಲ್ಲವೆಂದು ಹೇಳಿ ತಾನು ಬರದೆ ಕೈಕೆಳಗಿನವನನ್ನು ಕಳಿಸಿದನಂತೆ. ನನ್ನೊಳಗಿನ ನರ್ಸು ತಡೆಯಲಾಗದೆ ಕೈ ಎತ್ತಿದಳು: ಟೆಂಪರೇಚರ್ ಎಷ್ಟಿತ್ತು, ನಾಡಿ ಎಷ್ಟಿತ್ತು, ಬರೆದುಕೊಂಡವರು ಯಾರು? ಮೇಷ್ಟ್ರು ನಕ್ಕರು. ನನಗೆ ನಗು ಬರಲಿಲ್ಲ. 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ಡೇರೆ ಹಾಕಿ, ಟಿಪ್ಪುವಿನ ಇಬ್ಬರು ಪುಟ್ಟ ಗಂಡುಮಕ್ಕಳನ್ನು ಒತ್ತೆಯಾಗಿ ಬರಮಾಡಿಕೊಂಡವನು ಇವನೇ. ಆ ದಿನ ಖುದ್ದಾಗಿ ಹಾಜರಿದ್ದ, ಮೈಗೆ ಏನೂ ಆಗಿರಲಿಲ್ಲ. ಇಲ್ಲಿನ ಪಠ್ಯ ಅವನನ್ನು ಯಾರ್ಕ್‌ಟೌನಿನಲ್ಲೇ ಕೈಬಿಟ್ಟು ಮುಂದೆ ಹೋಗುತ್ತದೆ. ಮುಂದಿನ ಕಥೆಯನ್ನು ಕ್ಲಾಸಿಗೆ ನಾನೇ ಹೇಳಿದೆ.

ಅಮ್ಮನನ್ನು ಒಲಿಸಿಕೊಳ್ಳಲು ಸಹಾಯಕ್ಕೆ ಬಂದವನು ಅಧ್ಯಕ್ಷ ಗಾರ್‌ಫೀಲ್ಡ್. 1881ರ ಜುಲೈ 2ರಂದು ಅವನಿಗೆ ಗುಂಡೇಟು ಬಿತ್ತು. ಗುಂಡು ಎಲ್ಲಿದೆಯೆಂದು ಹುಡುಕಲು ಡಾಕ್ಟರುಗಳು ಕೊಳಕು ಬೆರಳುಗಳನ್ನೇ ಗಾಯದೊಳಗೆ ಹಾಕಿದರು. ಗಾಯ ಕೀವಾಗಿ, 79 ದಿನ ನರಳಿ ಸತ್ತ. ಇದನ್ನು ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಕಲಿಯೇ. ಅಲ್ಲಿಯವರಿಗೆ ಬೇಕಾದ ವಿದ್ಯೆನೇ ಅದು" ಎಂದಳು.

ಪರೀಕ್ಷೆಯಲ್ಲಿ ನನಗೆ ಬಂದದ್ದು ನಾಡಿ. ಪೂರ್ತಿ ಒಂದು ನಿಮಿಷ ಎಣಿಸಬೇಕು, ಆಮೇಲೆ ಬರೆಯಬೇಕು; ಬರೆಯದಿದ್ದರೆ ಎಣಿಸಿಯೇ ಇಲ್ಲ ಎಂದು ಲೆಕ್ಕ. ಎದುರಿಗಿದ್ದ ಹುಡುಗನ ಮಣಿಕಟ್ಟು ಹಿಡಿದಾಗ ನೆನಪಾದದ್ದು ಹಿಂದಿನ ದಿನ ಓದಿದ್ದ ವಾಷಿಂಗ್ಟನ್. 1799ರ ಡಿಸೆಂಬರ್ 14. ಗಂಟಲು ಊದಿದ್ದ ಆತನ ಮೈಯಿಂದ ಒಂದೇ ದಿನದಲ್ಲಿ ಎರಡು ಲೀಟರಿಗೂ ಮಿಗಿಲಾಗಿ ರಕ್ತ ತೆಗೆದಿದ್ದರು. ಕಾಕಂಬಿ, ವಿನಿಗರ್, ಬೆಣ್ಣೆ ಕಲಸಿ ಕುಡಿಸಲು ಹೋದರೆ ಉಸಿರೇ ಕಟ್ಟಿತು. ಕೊನೆಯ ಗಳಿಗೆಯಲ್ಲಿ ಆತ ಕಾರ್ಯದರ್ಶಿಯ ಕೈಯಿಂದ ತನ್ನ ಕೈ ಬಿಡಿಸಿಕೊಂಡು ತನ್ನ ನಾಡಿಯನ್ನು ತಾನೇ ನೋಡಿಕೊಂಡ.

ನಾನು 74 ಎಂದು ಬರೆದೆ, ಪರೀಕ್ಷಕರು 76. ಪಾಸು. ಕಾರ್ಯದರ್ಶಿ ಆ ದಿನದ್ದನ್ನೆಲ್ಲ ವಿವರವಾಗಿ ಬರೆದಿಟ್ಟಿದ್ದಾನೆ. ವಾಷಿಂಗ್ಟನ್‌ನ ನಾಡಿ ಎಷ್ಟಿತ್ತು ಎಂಬುದನ್ನು ಮಾತ್ರ ಬರೆದಿಲ್ಲ.