ಲ್ಯಾಂಗ್ ಪುರಾಣ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಏಪ್ರಿಲ್ ತಿಂಗಳಲ್ಲಿ ನಮ್ಮವರನ್ನು ಊಟಕ್ಕೆ ಕರೆದು ನೋಡಿ, ಒಬ್ಬರೂ ಬರುವುದಿಲ್ಲ. ಯಾಕೆ ಅಂದರೆ ಎರಡೇ ಅಕ್ಷರದ ಉತ್ತರ: ಎಪಿ. ಹೈಸ್ಕೂಲಿನಲ್ಲಿದ್ದುಕೊಂಡೇ ಕಾಲೇಜಿನ ಮಟ್ಟದ ಪಾಠ ಓದಿ, ಮೇ ತಿಂಗಳಲ್ಲಿ ಕಾಲೇಜ್ ಬೋರ್ಡ್ ನಡೆಸುವ ಪರೀಕ್ಷೆಗೆ ಕೂರುವುದು. ಐದಕ್ಕೆ ಮೂರೋ ನಾಲ್ಕೋ ಬಂದರೆ ಎಷ್ಟೋ ಕಾಲೇಜುಗಳು ಅದೇ ಪಾಠವನ್ನು ಮತ್ತೆ ಓದಿಸುವುದಿಲ್ಲ. ಅಷ್ಟು ಫೀಸೂ ಉಳಿಯಿತು. ಗಣಿತದ ಎಪಿಗೆ ನಮ್ಮ ಮಕ್ಕಳು ಕ್ಯಾರೇ ಅನ್ನುವುದಿಲ್ಲ. ಮನೆಯವರೆಲ್ಲ ಪಿಸುಮಾತಿಗೆ ಇಳಿಯುವುದು ಇಂಗ್ಲಿಷಿನ 'ಎಪಿ ಲ್ಯಾಂಗ್' ಹತ್ತಿರ ಬಂದಾಗ.

ಪಕ್ಕದ ಮನೆಯಾಕೆ ದಾವಣಗೆರೆಯವಳು. ಗುಲಾಬಿ ಗಿಡಕ್ಕೆ ನೀರು ಬಿಡುತ್ತಾ ಮರದ ಬೇಲಿಯಾಚೆಯಿಂದ ಶುರುಮಾಡಿದಳು.

"ಅಂಕಲ್, ನೀವು ಮೈಸೂರಲ್ಲಿ ಮೇಷ್ಟ್ರಾಗಿದ್ರಂತಲ್ಲ, ನಮ್ಮ ಹುಡುಗನಿಗೆ ಸ್ವಲ್ಪ ಹೇಳ್ರೀ."

"ನಾನು ಪಾಠ ಮಾಡಿದ್ದು ಕನ್ನಡ ಕಣಮ್ಮಾ."

"ಪ್ರಬಂಧ ಪ್ರಬಂಧಾನೇ ಅಲ್ವೇನ್ರೀ?"

ಇಷ್ಟು ಹೇಳಿಸಿಕೊಂಡ ಮೇಲೆ ಸುಮ್ಮನಿರುವ ಮೇಷ್ಟ್ರು ಇನ್ನೂ ಹುಟ್ಟಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬೇಲಿಯ ಮೇಲಿಂದಲೇ ಇಸಿದುಕೊಂಡೆ. ಮೂರು ಕಾಲು ಗಂಟೆಯ ಪರೀಕ್ಷೆ. ಮೊದಲ ಒಂದು ಗಂಟೆಯಲ್ಲಿ 45 ಪ್ರಶ್ನೆಗೆ ಸರಿಯುತ್ತರ ಆರಿಸಬೇಕು. ತಪ್ಪಿದರೆ ಅಂಕ ಕಡಿಯುವುದಿಲ್ಲವಾದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ಉಳಿದ ಎರಡು ಕಾಲು ಗಂಟೆಯಲ್ಲಿ ಮೂರು ಪ್ರಬಂಧ. ನೂರಕ್ಕೆ 55ರಷ್ಟು ತೂಕ ಇವಕ್ಕೇ. 2025ರಿಂದ ಪೆನ್ನೂ ಇಲ್ಲ, ಎಲ್ಲ ಕಂಪ್ಯೂಟರಿನಲ್ಲೇ ಕುಟ್ಟಬೇಕು. ಅಕ್ಷರ ದುಂಡಗಿದ್ದರೆ ಎರಡು ಮಾರ್ಕ್ಸ್ ಜಾಸ್ತಿ ಹಾಕುತ್ತಿದ್ದ ನನ್ನಂಥವರಿಗೆ ಅಲ್ಲೇನೂ ಕೆಲಸವಿಲ್ಲ.

"2019ರಲ್ಲಿ ಗಾಂಧೀಜಿ ಕಾಗದ ಕೊಟ್ಟಿದ್ರಂತೆ ಅಂಕಲ್! ಅಂಥಾದ್ದು ಬಂದ್ರೆ ನಮ್ಮ ಹುಡುಗರಿಗೆ ಸಲೀಸು."

ಹೌದು, ಆ ವರ್ಷ ಎರಡನೇ ಪ್ರಬಂಧಕ್ಕೆ ಅದೇ ಬಂದಿತ್ತು. ಉಪ್ಪಿನ ಸತ್ಯಾಗ್ರಹಕ್ಕೆ ಹೊರಡುವ ಮುಂಚೆ, 1930ರ ಮಾರ್ಚ್ 2ರಂದು ವೈಸ್‌ರಾಯ್ ಲಾರ್ಡ್ ಇರ್ವಿನ್‌ಗೆ ಬರೆದ ಪತ್ರದ ಕೊನೆಯ ಭಾಗ.

"ಸಲೀಸು ಅಂತ ಯಾರಮ್ಮಾ ಹೇಳಿದ್ದು? ನಮ್ಮ ಮಕ್ಕಳೇ ಮೊದಲು ಮುಗ್ಗರಿಸೋದು. 1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಜನಿಸಿದರು ಅಂತ ಶುರು ಹಚ್ಚಿಕೊಂಡು, ರಾಷ್ಟ್ರಪಿತ, ಅಹಿಂಸೆ, ರಾಜ್‌ಘಾಟ್ ಅಂತ ಮುಗಿಸಿದರೆ ಒಂದು ಅಂಕವೂ ಹುಟ್ಟೋದಿಲ್ಲ."

"ಮತ್ತೆ ಏನ್ ಬರೀಬೇಕ್ರೀ?"

"ಆತ ಹೇಳಿದ್ದು ಸರಿಯೋ ತಪ್ಪೋ ಅಂತ ಅವರು ಕೇಳೋದೇ ಇಲ್ಲ. ಹೇಗೆ ಹೇಳಿದ, ಯಾಕೆ ಹಾಗೇ ಹೇಳಿದ, ಅದನ್ನು ಹೇಳು ಅಂತಾರೆ."

ಆ ಪತ್ರದ ಸೊಗಸು ನೋಡಿ. ಕಾನೂನು ಮುರಿಯುತ್ತೇನೆ ಎಂದು ತಿಳಿಸಬೇಕಾಗಿರುವುದು ಆ ಕಾನೂನನ್ನು ಕಾಯಬೇಕಾದ ದೊರೆಗೇ. ಆದರೂ ಸಂಬೋಧನೆ ಮಿತ್ರ ಎಂದು. ನನ್ನನ್ನು ಬೇಕಾದರೆ ಬಂಧಿಸಬಹುದು ಎಂದು ತಾವೇ ದಾರಿ ತೋರಿಸುತ್ತಾರೆ. ಇದು ಬೆದರಿಕೆಯಲ್ಲ, ಕರ್ತವ್ಯ ಎನ್ನುತ್ತಾರೆ. ಪತ್ರವನ್ನು ತಲುಪಿಸಲು ಕಳಿಸಿದ್ದು ರೆಜಿನಾಲ್ಡ್ ರೆನಾಲ್ಡ್ಸ್ ಎಂಬ ಇಂಗ್ಲಿಷ್ ತರುಣನನ್ನು. ಹಾಗೆ ಕಳಿಸುತ್ತಿರುವುದನ್ನು ಪತ್ರದಲ್ಲೂ ಕಾಣಿಸುತ್ತಾರೆ. ಜಗಳ ಬ್ರಿಟಿಷರ ಆಳ್ವಿಕೆಯ ಮೇಲೆ, ಬ್ರಿಟಿಷರ ಮೇಲಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ? ವೈಸ್‌ರಾಯ್ ಕಾರ್ಯದರ್ಶಿಯ ಕೈಲಿ ನಾಲ್ಕು ಸಾಲಿನ ಒಣ ಉತ್ತರ ಬರೆಸಿದ. ಹಾಗಾದರೆ ಪತ್ರ ಸೋತಿತೇ? ನನ್ನ ಲೆಕ್ಕದಲ್ಲಿ ಇಲ್ಲ. ಅದರ ಮೇಲೆ ಇರ್ವಿನ್‌ನ ಹೆಸರಿತ್ತು, ಓದಬೇಕಾದವರು ಹೊರಗಿದ್ದರು: ಇಂಗ್ಲೆಂಡಿನ ಜನ, ಉಪ್ಪಿಗೂ ತೆರಿಗೆ ಕಟ್ಟುತ್ತಿದ್ದ ಭಾರತದ ಬಡವರು, ಮನಸ್ಸು ಹೊಯ್ದಾಡುತ್ತಿದ್ದ ಕಾಂಗ್ರೆಸ್ಸಿಗರು. ಇಷ್ಟನ್ನು ಹುಡುಗ ಕಂಡುಕೊಂಡು ಬರೆದನೋ, ನಾನಾದರೆ ಕಣ್ಣುಮುಚ್ಚಿ ಪೂರ್ತಿ ಅಂಕ ಕೊಟ್ಟೇನು.

ಪೂರ್ತಿ ಎಂದರೆ ಆರು. ಸ್ಪಷ್ಟವಾದ ಒಂದು ನಿಲುವಿಗೆ ಒಂದು, ಆಧಾರಕ್ಕೂ ಅದರ ವಿವರಣೆಗೂ ನಾಲ್ಕು, ವಿಚಾರದ ಆಳಕ್ಕೆ ಕಡೆಯದೊಂದು. ಆ ಕಡೆಯದು ಸುಲಭಕ್ಕೆ ದಕ್ಕುವುದಿಲ್ಲ.

"ಟ್ಯೂಷನ್ನಿನಲ್ಲಿ ಈಥೋಸ್, ಪೇಥೋಸ್, ಲೋಗೋಸ್ ಅಂತ ಉರು ಹೊಡೆಸ್ತಾರ್ರೀ. ಎಲ್ಲಾ ಬರ್ಕೊಂಡಾನ."

ನನಗೆ ನಗು ತಡೆಯಲಾಗಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಾದೆ ವಿಸ್ತರಿಸಿ ಅಂದರೆ ಕಟ್ಟುಗಟ್ಟಲೆ ಉತ್ತರಪತ್ರಿಕೆಯಲ್ಲೂ 'ಗಾದೆಗಳು ವೇದಗಳಿಗೆ ಸಮಾನ' ಎಂದೇ ಆರಂಭ. ಮೌಲ್ಯಮಾಪನಕ್ಕೆ ಕೂತ ನಮಗೆ ಮಧ್ಯಾಹ್ನದ ಹೊತ್ತಿಗೆ ವೇದದ ಮೇಲೂ ಬೇಸರ, ಗಾದೆಯ ಮೇಲೂ. ಅಮೆರಿಕದಲ್ಲಿ ಜೂನ್ ತಿಂಗಳು ಈ ಪ್ರಬಂಧಗಳನ್ನು ತಿದ್ದುವ ಹೈಸ್ಕೂಲು, ಕಾಲೇಜು ಮೇಷ್ಟ್ರುಗಳ ಪಾಡೂ ಅದೇ ಇರಬೇಕು. ಈಥೋಸ್, ಪೇಥೋಸ್ ಅಂತ ಮನವೊಲಿಸುವ ತಂತ್ರದ ಹೆಸರು ಹೇಳಿದ ಮಾತ್ರಕ್ಕೆ ಅಂಕವಿಲ್ಲ. ಅದು ಅಲ್ಲೇ ಯಾಕೆ ಬಂತೆಂದು ಹೇಳಬೇಕು. ಟ್ಯೂಷನ್ನಿಗೆ ಸುರಿಯುವ ಡಾಲರು ದಂಡ ಅಂತ ನಾನು ಅನ್ನಲಾರೆ, ಅಲ್ಲಿ ಮಾಡುವವರಲ್ಲೂ ಒಳ್ಳೆಯವರಿದ್ದಾರು. ಆದರೆ ಹಳೆಯ ಪ್ರಶ್ನೆಗಳನ್ನೂ ಹುಡುಗರು ಬರೆದ ಮಾದರಿ ಉತ್ತರಗಳನ್ನೂ, ಇದಕ್ಕೆ ಇಷ್ಟೇ ಯಾಕೆ ಕೊಟ್ಟೆವು ಎಂಬ ವಿವರದ ಸಮೇತ ಕಾಲೇಜ್ ಬೋರ್ಡೇ ಪುಕ್ಕಟೆ ಹಾಕಿದೆಯಲ್ಲ! ಒಂದು ಚೆನ್ನಾಗಿ ಬರೆದದ್ದು, ಒಂದು ಸಾಧಾರಣದ್ದು ಪಕ್ಕಪಕ್ಕ ಇಟ್ಟುಕೊಂಡು ಓದಿದರೆ ಅರ್ಧ ಪಾಠ ಆಯಿತು. ಉಳಿದರ್ಧ, ಗಡಿಯಾರ ಎದುರಿಗಿಟ್ಟುಕೊಂಡು ನಲವತ್ತು ನಿಮಿಷಕ್ಕೆ ಒಂದರಂತೆ ಬರೆದು ಬರೆದು ಕೈ ಕುದುರಿಸಿಕೊಳ್ಳುವುದು.

ಮೊದಲ ಪ್ರಬಂಧದ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಐದಾರು ಆಕರ ಕೊಟ್ಟಿರುತ್ತಾರೆ, ಕನಿಷ್ಠ ಮೂರನ್ನು ಬಳಸಿ ತನ್ನ ವಾದ ಕಟ್ಟಬೇಕು. 2019ರಲ್ಲಿ ಗಾಳಿಯಂತ್ರದ ವಿದ್ಯುತ್ತು ವಿಷಯವಾಗಿತ್ತು. ಮಜಾ ಇರುವುದು ಮೂರನೆಯದರಲ್ಲಿ, ಬರೀ ಸ್ವಂತ ವಾದ. ಅದೇ ವರ್ಷ ಕೇಳಿದ್ದು ಇದು: ಯೋಗ್ಯತೆಗಿಂತ ಹೆಚ್ಚು ಹೊಗಳಿಸಿಕೊಂಡಿರುವ ಒಂದನ್ನು ಆರಿಸಿಕೊಂಡು ವಾದಿಸು.

"ಇವನಿಗೆ ಏನು ಕೊಡ್ಲಿ ಅಂಕಲ್, ಅಭ್ಯಾಸಕ್ಕೆ?"

"ದಾವಣಗೆರೆ ಬೆಣ್ಣೆದೋಸೆ ಅಂತ ಬರೀಲಿ."

ನೀರಿನ ಪೈಪು ಕೆಳಗೆ ಬಿತ್ತು. "ಏನಂದ್ರೀ? ಬೆಣ್ಣೆದೋಸೆ? ನಿಮ್ಮ ಮೈಸೂರು ಮಸಾಲೆಯ ಕೆಂಪು ಚಟ್ನಿ ಒಳಗಿನ ರುಚೀನೇ ಮುಚ್ಚಿಬಿಡ್ತದ. ನಮ್ಮದರಾಗ ಮುಚ್ಚಾಕ ಏನೂ ಇಲ್ಲ. ಬೆಣ್ಣೆ ಹೆಚ್ಚಾತು ಅಂತೀರಾ? ಒಪ್ಪಿದೆ. ಆದ್ರ ಹೆಸರಿನಾಗೇ ಹೇಳಿಲ್ಲೇನ್ರೀ? ಮೈಸೂರಿಂದ ಬಂದೋರೇ ದಾವಣಗೆರ್‍ಯಾಗ ಸಾಲಿಗೆ ನಿಲ್ತಾರಲ್ಲ, ಅವರೆಲ್ಲಾ ಹುಚ್ಚರೇನು?"

ಕಿಟಕಿಯಿಂದ ಹುಡುಗ ತಲೆ ಹೊರಗೆ ಹಾಕಿದ. "ಅಮ್ಮ, ನಿಧಾನ! ಬರ್ಕೊಳ್ತಾ ಇದೀನಿ."